ಏಳನೇ ನಂಬರಿನ ಸಾಲು

ದನದಾಸ್ಪತ್ರೆಯ ಕಾಂಪೌಂಡರು ನಾನು.
ವಾರವಿಡೀ ಹಸುಗಳ ಜ್ವರ ಬರೆಯುತ್ತೇನೆ.
ಪಂದ್ಯವಿದ್ದ ದಿನ ಗೋಣಿಕೊಪ್ಪದ ಸಿಮೆಂಟು ಕೋರ್ಟಿನ ಬದಿ
ಕಾಲು ಅಲ್ಲಾಡುವ ಮೇಜಿನ ಮುಂದೆ
ಎರಡು ಪೆನ್ನು ಹಿಡಿದು ಕೂರುತ್ತೇನೆ,
ಒಂದು ಕೆಂಪು, ಒಂದು ನೀಲಿ,
ಇಪ್ಪತ್ತೊಂದು ವರ್ಷದಿಂದ.

ಹಾಕಿ ಅಂದರೆ ಇಲ್ಲಿ ಅಂಗಡಿ ಮುಚ್ಚುತ್ತಾರೆ.
ಬ್ಯಾಸ್ಕೆಟ್‌ಬಾಲಿಗೆ ಬರುವವರು
ಆಡುವವರ ಅಕ್ಕತಂಗಿಯರು, ಬಸ್ಸು ತಪ್ಪಿದವರು.

ಏಳನೇ ನಂಬರು ಚೋಂದಮ್ಮ. ಹದಿನೇಳು ತುಂಬಿಲ್ಲ.
ಚೆಂಡು ತರುವವಳು, ಹಂಚುವವಳು.
ಪಾಯಿಂಟ್ ಗಾರ್ಡ್ ಅನ್ನುತ್ತಾರೆ. ಮದುವೆಮನೆಯಲ್ಲಿ
ಯಾರ ಎಲೆಗೆ ಏನು ಬಿದ್ದಿಲ್ಲವೆಂದು
ನಿಂತಲ್ಲೇ ನೋಡಿಬಿಡುವ ಚಿಕ್ಕಮ್ಮನ ಕೆಲಸ ಅದು.

ಸೆಮಿಫೈನಲ್ಲು. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ.
ಮೊದಲ ದಿನ
ಅವಳು ನೋಡಿದ ಕಡೆ ಚೆಂಡು ಹೋಗಲಿಲ್ಲ,
ಚೆಂಡು ಹೋದ ಕಡೆ ನಮ್ಮ ಹುಡುಗಿಯೇ ಇದ್ದಳು, ಪ್ರತಿ ಸಲ.
ಇಪ್ಪತ್ತಾರು ಅಂಕ, ಹದಿಮೂರು ಅಸಿಸ್ಟು.
ಮಡಿಕೇರಿಯವರ ಕೋಚು ಶೀಟು ಇಣುಕಿ
'ಸರಿಯಾಗಿ ಬರೆದಿದ್ದೀರಾ ಸಾರ್?' ಅಂದ.
ಸಂಜೆ ಮೀನಂಗಡಿಯ ಕುಂಞಾಲಿ
ಅವಳಪ್ಪನಿಂದ ಮತ್ತಿಯ ದುಡ್ಡು ತಗೊಳ್ಳಲಿಲ್ಲ.

ಎರಡನೇ ದಿನ ಮಂಜು ಮುಸುಕಿತ್ತು ಅನ್ನೋಣ.
ಮುಸುಕಿರಲಿಲ್ಲ. ಒಳ್ಳೇ ಬಿಸಿಲು,
ಕಾಫಿ ಹೂವಿನ ವಾಸನೆ ಹೊತ್ತ ಗಾಳಿ,
ಅದೇ ಬೂಟು, ಅದೇ ಬಿಗಿದ ಜಡೆ.
ಚೆಂಡು ಅವಳ ಕಾಲಿಗೇ ಬಡಿದು ಹೊರಗೆ.
ರೆಫರಿಯ ಎದೆಗೊಂದು ಪಾಸು.
ಒಮ್ಮೆಯಂತೂ ಅರ್ಧಗೆರೆ ದಾಟದೆ ನಿಂತುಬಿಟ್ಟಳು,
ಅಡುಗೆಮನೆಗೆ ಯಾಕೆ ಬಂದೆನೆಂದು ಮರೆತವಳ ಹಾಗೆ,
ಎಂಟು ಸೆಕೆಂಡು ಮುಗಿದು ಸೀಟಿ ಊದುವ ತನಕ.
ಅಂಕ ಎರಡು. ತಪ್ಪು ಒಂಬತ್ತು.

'ಒಂದು ದಿನ ಹುಲಿ, ಒಂದು ದಿನ ಇಲಿ'
ಬಸ್‌ಸ್ಟ್ಯಾಂಡಿನಲ್ಲಿ ಅಂದುಕೊಂಡರು.
ಹಾಕಿಯಲ್ಲಿ ಎರಡು ಹಲ್ಲು ಕಳಕೊಂಡ ಅವಳಜ್ಜ
'ಕೋಲು ಹಿಡಿಸಬೇಕಿತ್ತು' ಅಂದರು.
ಕುಂಞಾಲಿ ದುಡ್ಡು ಎಣಿಸಿಕೊಂಡ, ಚಿಲ್ಲರೆ ಸಮೇತ.

ಆರು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು.
ಕರುವೊಂದಕ್ಕೆ ಸೂಜಿ ಹಾಕುತ್ತಿದ್ದೆ.
ಹೇಳದೆಯೇ ಬಂದು ಕತ್ತು ಹಿಡಿದುಕೊಂಡಳು,
ಗಟ್ಟಿಯಾಗಿ, ಸರಿಯಾದ ಜಾಗದಲ್ಲಿ.
'ತಪ್ಪು ಎಷ್ಟು ಬರೆದಿದ್ದೀರಿ ಅಂಕಲ್?'
ಒಂಬತ್ತು.
'ಹನ್ನೊಂದು,' ಅಂದಳು.
'ಎರಡು ಸಲ ಶಮ್ನಾ ಮೂಲೆಯಲ್ಲಿ ಒಬ್ಬಳೇ ಇದ್ದಳು.
ನೋಡಿದೆ. ಕೊಡಲಿಲ್ಲ.'
ಯಾಕೆಂದು ನಾನು ಕೇಳಲಿಲ್ಲ.
ಕರು ನನ್ನ ಪರವಾಗಿ ಒಮ್ಮೆ ಕೂಗಿತು.

ಬೆಳಿಗ್ಗೆ ನೂರಾಒಂದು, ಮಧ್ಯಾಹ್ನ ನೂರಾನಾಲ್ಕು,
ರಾತ್ರಿಗೆ ಇಳಿದಿರುತ್ತದೆ, ಮತ್ತೆ ಏರುತ್ತದೆ.
ಆ ಚಾರ್ಟು ನೋಡಿ
ಯಾರೂ ಹಸುವನ್ನು ಬೈದದ್ದು ನಾ ಕಾಣೆ.

ಮೂರನೇ ದಿನ ಇಬ್ಬರು ಚೋಂದಮ್ಮಂದಿರೂ ಒಟ್ಟಿಗೆ ಬಂದರು,
ಕೆಂಪು ಶಾಯಿಯಲ್ಲೊಬ್ಬಳು, ನೀಲಿಯಲ್ಲೊಬ್ಬಳು.
ಸುಲಭದ್ದು ಬಿಟ್ಟಳು, ಆಗದ್ದು ಹಾಕಿದಳು.
ಬರೆದೂ ಬರೆದೂ ನನ್ನ ಬೆರಳೇ ಗಲಿಬಿಲಿ.
ಕೊನೆಗೆ ಒಂದಂಕ ಹಿಂದೆ. ಏಳು ಸೆಕೆಂಡು.
ಇಬ್ಬರು ಮೇಲೆ ಬಿದ್ದರು.
ಸೊಂಟದ ಹಿಂದಿನಿಂದ, ತಲೆ ತಿರುಗಿಸದೆ,
ಮೂಲೆಗೆ,
ಶಮ್ನಾಳ ಎದೆಯೆತ್ತರಕ್ಕೆ,
ಕಾದು ಕೂತ ಅಂಗೈಗೆ
ಚೆಂಡಿನ ಗೆರೆ ಸಹ ಸರಿಯಾಗಿ ಕೂರುವ ಹಾಗೆ.

ಶಮ್ನಾ ಎಸೆದಳು.
ಬಳೆಯ ಮೇಲೆ ಒಂದು ಸುತ್ತು, ಇನ್ನರ್ಧ,
ಹೊರಗೆ.

ಬಿದ್ದಿದ್ದರೆ ಅಸಿಸ್ಟು.
ಬೀಳದಿದ್ದರೆ, ನಿಯಮದ ಪ್ರಕಾರ,
ಆ ಪಾಸು ಆಗಿಯೇ ಇಲ್ಲ.
ನೀಲಿ ಪೆನ್ನು ಕಾಗದದ ಮೇಲೆ ಅಷ್ಟು ಹೊತ್ತು ನಿಂತು
ಒಂದು ಚುಕ್ಕಿ ಹರಡಿತು. ಒರೆಸಲು ಹೋಗಲಿಲ್ಲ.

ಮಡಿಕೇರಿಯ ಹುಡುಗಿಯರು ಜೀಪು ಹತ್ತಿ ಕೂಗುತ್ತಾ ಹೋದರು.
ಶಮ್ನಾಳ ಬೂಟಿನ ಗಂಟು ಬಿಗಿದುಹೋಗಿತ್ತು,
ಅತ್ತೂ ಅತ್ತೂ ಅವಳಿಗೆ ಕಾಣುತ್ತಿರಲಿಲ್ಲ.
ಏಳನೇ ನಂಬರು ನೆಲಕ್ಕೆ ಕೂತು
ಹಲ್ಲಿನಿಂದ ಬಿಚ್ಚುತ್ತಿದ್ದಳು.

ಕತ್ತಲಾಗುವ ಮುಂಚೆ ಮೇಜು ಒಳಗಿಡಲು ಎತ್ತಿದೆ.
ಕಾಲಿನಡಿ ಮಡಿಸಿಟ್ಟಿದ್ದ ಕಾಗದ ಉದುರಿತು,
ಯಾವುದೋ ವರ್ಷದ ಶೀಟು,
ಯಾರದೋ ಮೂವತ್ತೊಂದು ಅಂಕ,
ಹೆಸರಿದ್ದ ಕಡೆ ಸವೆದು ತೂತು.
ಜೇಬಿಗೆ ಹಾಕಿಕೊಂಡೆ.
ಮುಂದಿನ ಪಂದ್ಯಕ್ಕೆ ಮೇಜಿನ ಕಾಲಿಗೆ
ಬೇರೇನಾದರೂ ಹುಡುಕಬೇಕು.