ಒಳಗಿಸೆ

ಕಿಸೆದಾಗ ಎರಡು ಜಾತಿ.
ಮ್ಯಾಲಿಂದು ಮಂದಿಗಿ ತೋರಸ್ಲಾಕ:
ಬಾಚಣಿಗಿ, ಬಸ್ಸಿನ ಟಿಕೀಟು, ಅಡಕಿ ಚೀಟು.
ಒಳಗಿಂದು ಕಳ್ಳಗ ಗೊತ್ತಾಗಬಾರದು,
ಹಾಕ್ಕೊಂಡವರಿಗೂ ಮರತು ಹೋಗಬೇಕು.
ಅದಕ್ಕ ನಾ ರೊಕ್ಕ ತಗೋಳಂಗಿಲ್ಲ.

ಎಸ್ತೇರ್ ಬಂದಾಳ, ಮಿಷನ್ ದವಾಖಾನಿ ನರ್ಸು,
ನಾಲ್ಕು ಸಲವಾರ ಹೊಲಸ್ಲಾಕ.
ಮಸ್ಕತ್ತಿಗಿ ಹೊಂಟೀನಿ ಮಾಸ್ತರ, ಬುಧವಾರ
ಹೈದರಾಬಾದಿಂದ ವಿಮಾನ.
ಏಜೆಂಟ ಭಾಳ ಛಲೋ ಮನಷ್ಯಾ.

ನಂದೂ ಛಲೋ ಇದ್ದ.
ದಮ್ಮಾಮಿನಾಗ ಇಳದ ತಾಸಿನೊಳಗ
ನನ್ನ ಪಾಸಪೋರ್ಟ ಇಸಗೊಂಡು ಡ್ರಾದಾಗ ಇಟ್ಟು
ಚಾವಿ ಹಾಕಿದ ಸೇಠ.
ಚಾ ಕುಡಿಸಿದ, ಏಲಕ್ಕಿ ಹಾಕಿ.
ಹದಿನಾಲ್ಕು ತಿಂಗಳು ಬಿಳಿ ನಿಲುವಂಗಿ ಹೊಲದೆ,
ನಾ ಯಾವ ಊರಾಂವ ಅಂತ
ನನಗೇ ಸಂಶಯ ಬರೋತನಕ.

ಉಳಿಸಿದ್ದು ಒಂದು ಝೆರಾಕ್ಸು.
ನಮ್ಮವ್ವ ಪೈಜಾಮದ ನೇಫಾದಾಗ
ಹೇಳಲಾರದ ಹೊಲದು ಕಳಿಸಿದ್ದು.
ಬೆವರಿಗಿ ಹೆಸರು ಅಳಸಿತ್ತು, ನಂಬರ ಉಳದಿತ್ತು.
ಅದನ್ನೇ ಹಿಡಕೊಂಡು
ರಾಯಭಾರ ಕಚೇರಿ ಗೇಟಿಗಿ ನಿಂತೆ.

ಅದಕ್ಕ ಕೇಳವಾ, ಅಂದೆ,
ಅಸಲ ಒಂದು ಕಡಿ, ನಕಲ ಒಂದು ಕಡಿ,
ಇನ್ನೊಂದು ನಕಲ ಮನಿ ಟ್ರಂಕಿನಾಗ.
ಗುಳಗಿ ಒಯ್ದ್ರ ಡಾಕ್ಟರ ಚೀಟಿನೂ ಒಯ್ಯಿ;
ನೀ ನರ್ಸು ಖರೆ, ಆದ್ರ ಅಲ್ಲಿ
ಚೀಟಿ ಓದತಾರ, ಮಾರಿ ಓದಂಗಿಲ್ಲ.
ಬಾಜೂ ಮನಿಯವರ ಡಬ್ಬಿ
ಉಪ್ಪಿನಕಾಯಿದೇ ಇರಲಿ,
ಬಿಚ್ಚಿ ನೋಡಲಾರದ ಒಯ್ಯಬ್ಯಾಡ.
ತಿಳೀಲಾರದ ಕಾಗದಕ್ಕ ಸಹಿ ಮಾಡಬ್ಯಾಡ,
ಚಾದಾಗ ಎಷ್ಟೇ ಏಲಕ್ಕಿ ಹಾಕಿರಲಿ.

ಮಾಸ್ತರ, ಅರಬಿ ಹೊಲಿತೀರೋ
ಪ್ರವಚನ ಹೇಳತೀರೋ, ಅಂತ ನಕ್ಕಳು.

ನಗು. ಆದ್ರ ಫೋನು ಕಳೀತದ, ಒಡೀತದ,
ಅಂಜಿಕಿ ಬಂತಂದ್ರ ಮನಷ್ಯಾ
ತನ್ನ ಮನಿ ನಂಬರನೂ ಮರೀತಾನ.
ಕಿಸೆ ಒಳಗ ಕೆಂಪು ದಾರದಾಗ
ಹತ್ತು ಅಂಕಿ ಹಾಕಿ ಕೊಡತೀನಿ, ಕೈ ಹೊಲಿಗಿ.
ಹೇಳು, ಯಾರದು?

ಸುಮ್ಮ ಕುಂತಳು.
ಗಂಡಂದು ಬ್ಯಾಡ, ಸಸ್ತಾ ಸಿಕ್ಕಲ್ಲಿ ಸಿಮ್ ಬದಲಸ್ತಾನ.
ಅಕ್ಕ ಫೋನ ಎತ್ತಂಗಿಲ್ಲ.
ದವಾಖಾನಿ ಆಫೀಸು ಸಂಜಿ ಐದಕ್ಕ ಬಂದ.
ಮಷೀನಿನ ಸಪ್ಪಳ ನಿಂತು
ಹೈವೇದ ಲಾರಿ ಕೇಳಸ್ಲಾಕ ಹತ್ತಿದ್ವು.
ಆಮ್ಯಾಲ ಕಣ್ಣು ಎತ್ತಿದಳು, ನನ್ನ ಬೋರ್ಡಿನ ಕಡಿ:
ತುಳಜಾರಾಮ ಟೇಲರ್ಸ್, ಹುಮನಾಬಾದ.
ಬಣ್ಣ ಹೋಗಿ ಹೆಸರು ಅರ್ಧ ಆಗ್ಯದ,
ಕೆಳಗಿನ ನಂಬರ ಹಂಗೇ ಅದ.
ಎಷ್ಟು ವರ್ಷದ್ದು ಮಾಸ್ತರ?
ಹದಿನೇಳು.
ಹಂಗಾದ್ರ ಇದನ್ನೇ ಹಾಕ್ರಿ.

ಹಿಂಗ ಹನ್ನೊಂದು ಮಂದಿ ಮೈಮ್ಯಾಲ ಅದ ನನ್ನ ನಂಬರು.
ಕುವೈತಿನಾಗ ಕ್ರೇನ ನಡಸೋ ಗೌಸ್ ಪಾಶಾನ ಟೊಂಕದಾಗ,
ದುಬೈದಾಗ ಅಡಗಿ ಮಾಡೋ
ಚಿಟಗುಪ್ಪಾದ ನಾಗಶೆಟ್ಟಿ ಬನೇನಿನಾಗ.
ಎಂಟರ ಅಂಕಿ ಹೊಲಿಯೋದು ಕಷ್ಟ,
ಹೋದ ದಾರಿಗೇ ತಿರಗಿ ಬರಬೇಕು ಸೂಜಿ.
ನನ್ನ ನಂಬರಿನಾಗ ಮೂರು ಎಂಟು ಅವ.

ಅದಕ್ಕ ನಾ ಸಿಮ್ ಬದಲಸಂಗಿಲ್ಲ.
ಆಷಾಢದಾಗ ಗಿರಾಕಿ ಇರಂಗಿಲ್ಲ,
ರೀಚಾರ್ಜ ತಪ್ಪಂಗಿಲ್ಲ.
ಜಳಕಕ್ಕ ಹೋದ್ರ ಫೋನು ಕಿಡಕ್ಯಾಗ.
ಕರೆಂಟ ಹೋದ್ರ ಢಾಬಾದಾಗ ಚಾರ್ಜಿಗಿ ಹಚ್ಚಿ
ಒಂದು ಚಾ ತಗೊಂಡು ಕಾಯಕೋತ ಕೂಡ್ತೀನಿ.
ನಮ್ಮಾಕಿ ಅಂತಾಳ:
ಹೋಗವರು ಅವರು, ತಯಾರಿ ನಿಂದೇನು?

ಎಸ್ತೇರ್ ಹೋಗಿ ಮೂರು ದಿನಾ.
ರಾತ್ರಿ ಒಂದೂವರಿ. ಫೋನು.
ಮುಂದ ಒಂಬತ್ತು ಆರು ಎಂಟು, ಪರದೇಶದ್ದು.
ಎದಿ ಧಸಕ್ಕಂತು, ಚಶ್ಮಾ ಹುಡಕಲಿಲ್ಲ.
ಯಾಕವಾ? ಏನಾತು? ಕಾಗದ ಅವನೋ ಇಲ್ಲೋ?

ಆ ಕಡಿ ಒಂದೀಟು ಹೊತ್ತು
ಫ್ಯಾನಿನ ಸಪ್ಪಳ ಅಷ್ಟೇ.

ಏನಿಲ್ಲ ಮಾಸ್ತರ. ಈಗ ಡ್ಯೂಟಿ ಮುಗಿತು.
ಸುಮ್ನ, ಹತ್ತತದೋ ಇಲ್ಲೋ ನೋಡಿದೆ.

ಹತ್ತ್ಯದ, ಅಂದೆ.
ಮಕ್ಕೋ ಹೋಗು.