ಚಿಂತೆಗೆ ಹದಿನೈದು ನಿಮಿಷ

ವಾರ್ಡೊ ದ್ವೀಪ, ಜೂನ್ ತಿಂಗಳು.
ರಾತ್ರಿ ಹನ್ನೊಂದಾದರೂ ಸೂರ್ಯ
ಒಣಗಲು ನೇತುಹಾಕಿದ ಕಾಡ್ ಮೀನುಗಳ ಬೆನ್ನ ಮೇಲೆ
ಕೂತೇ ಇದ್ದಾನೆ,
ಚಪ್ಪಲಿ ಮೆಟ್ಟಿಯೂ ಹೊರಡದ ನೆಂಟನ ಹಾಗೆ.

ಗೆಡ್ಡೆ ತೆಗೆದು ನಾಲ್ಕು ವರ್ಷ.
ಡಾಕ್ಟರು ಕೈಕುಲುಕಿ, ಇನ್ನು ಮನೆಗೆ ಹೋಗಿ, ಎಂದರು.
ನಾನು ಬಂದೆ. ನಿದ್ದೆ ಬರಲಿಲ್ಲ.
ಆಸ್ಪತ್ರೆಯ ಕಪಾಟಿನಲ್ಲೇ
ಕೋಟಿನ ಜತೆ ಬಿಟ್ಟುಬಂದೆನೇನೋ.

ಇಂಗ್‌ವಿಲ್ಡ್, ಪರದೆಯ ಮೇಲಿನ ಹುಡುಗಿ,
ನನ್ನ ಮಗಳಿಗಿಂತ ಚಿಕ್ಕವಳು, ಹೇಳುತ್ತಾಳೆ:
ಒಂದು ಗಂಟೆಗೆ ಮುಂಚೆ ಹಾಸಿಗೆ ಮುಟ್ಟಬೇಡಿ,
ಆರಕ್ಕೆ ಏಳಿ, ನಿದ್ದೆ ಬಂದಿರಲಿ ಬರದಿರಲಿ.
ಇಪ್ಪತ್ತು ನಿಮಿಷ ಕಣ್ಣು ಹತ್ತದಿದ್ದರೆ ಎದ್ದು ಹೊರಗೆ ಬನ್ನಿ.
ಹಾಸಿಗೆ ಇರುವುದು ಮಲಗಲಿಕ್ಕೆ, ಲೆಕ್ಕ ಹಾಕಲಿಕ್ಕಲ್ಲ.

ನಿದ್ದೆಗೆಟ್ಟವಳಿಗೆ ನಿದ್ದೆಯದೇ ಪಥ್ಯ!
ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ
ತಕ್ಕಡಿ ನೋಡಿದವಳು ನಾನು.
ತೂಕ ಕಮ್ಮಿ ಬಿದ್ದರೆ ಇನ್ನೊಂದು ಮೀನು ಹಾಕಬೇಕಮ್ಮಾ,
ಇರುವುದನ್ನೂ ತೆಗೆಯುತ್ತಾರೆಯೇ?

ಚಿಂತೆಗೂ ವೇಳೆ ಗೊತ್ತುಮಾಡಿದ್ದಾಳೆ,
ಸಂಜೆ ಐದರಿಂದ ಐದೂ ಕಾಲು,
ಅಡುಗೆಮನೆಯ ಕುರ್ಚಿ, ಗೆರೆಪುಸ್ತಕ.
ಬರೆದೆ: ಎಡಗಂಕುಳಲ್ಲಿ ಏನೋ ಗಂಟು.
ಬರೆದೆ: ಗಂಟಲ್ಲ, ಹಳೆಯ ಹೊಲಿಗೆ.
ಬರೆದೆ: ಸೆಪ್ಟೆಂಬರಿನ ಸ್ಕ್ಯಾನ್.
ಬರೆದೆ: ಓಡ್‌ವಾರ್ ಇನ್ನೂ ದೋಣಿಗೆ ಬಣ್ಣ ಬಳಿದಿಲ್ಲ.
ಒಂಬತ್ತನೆಯ ನಿಮಿಷಕ್ಕೆ ಸರಕು ಮುಗಿಯಿತು.
ಮಿಕ್ಕ ಆರು ನಿಮಿಷ ಪೆನ್ನು ಹಿಡಿದು ಸುಮ್ಮನೆ ಕೂತೆ.
ಕರೆಯದೆ ಬರುವ ದೆವ್ವ
ಕರೆದರೆ ಬರುವುದಿಲ್ಲ.

ಬಂತು, ರಾತ್ರಿ ಎರಡೂ ಮುಕ್ಕಾಲಿಗೆ.
ನಾಳೆ ಐದಕ್ಕೆ ಬಾ, ಎಂದೆ,
ಕಿಟಕಿ ಮುಚ್ಚುವ ಗುಮಾಸ್ತೆಯ ದನಿಯಲ್ಲಿ.
ಹೋಗಲಿಲ್ಲ.
ನಾನೇ ಎದ್ದು ಹೋದೆ. ಕಾಲುಚೀಲಗಳ ಬುಟ್ಟಿ ಸುರಿದು
ಜೋಡಿ ಹುಡುಕುತ್ತ ಕೂತೆ.
ಹನ್ನೊಂದರಲ್ಲಿ ನಾಲ್ಕು ಜೋಡಿ, ಮೂರು ಒಂಟಿ.
ಒಳಗೆ ಓಡ್‌ವಾರನ ಗೊರಕೆ; ಅವನು ಸಂತೆಯಲ್ಲೂ ಮಲಗಬಲ್ಲವ.
ಕಪ್ಪು ಪರದೆಯ ಅಂಚಿನಲ್ಲಿ ಬಿಸಿಲಿನ ಒಂದೆಳೆ,
ಆಚೆ ಬಂಡೆಯ ಮೇಲೆ ಕಡಲಹಕ್ಕಿಗಳ ಜಗಳ.
ಯಾವಾಗ ಆಕಳಿಸಿದೆನೋ.

ಇವತ್ತಿನ ದಿನಚರಿ:
ಮಲಗಿದ್ದು ಒಂದೂ ಐದಕ್ಕೆ. ನಡುವೆ ಎದ್ದದ್ದು ಒಂದು ಸಲ.
ನಿದ್ದೆ, ಅಂದಾಜು, ನಾಲ್ಕು ಗಂಟೆ ಹತ್ತು ನಿಮಿಷ.
ಟಿಪ್ಪಣಿ ಎಂಬ ಖಾನೆ ಖಾಲಿಯಿತ್ತು.
ಕನಸೊಂದು ಬಿದ್ದಿತ್ತು, ಏನೆಂದು ನೆನಪಿಲ್ಲ.
ದಿಂಬಿನ ಮೇಲೆ ಜೊಲ್ಲಿನ ಕಲೆ,
ಎಳೆಮಗುವಿನದರಂತೆ, ಇನ್ನೂ ಹಸಿ.
ಅದನ್ನೇ ಬರೆದೆ.