ನಾಲ್ಕು ಬೆರಳು

ಕೋಡಿಬಾಗದ ನನ್ನ ಅಂಗಡಿಯಲ್ಲಿ ಅಕ್ಕಿಯ ಡಬ್ಬಿ ಇಲ್ಲ.
ಉಪ್ಪುನೀರು ಕುಡಿದ ಫೋನನ್ನು ಅಕ್ಕಿಯಲ್ಲಿ ಹೂಳಬೇಡಿ ಎಂದು
ಬೋರ್ಡೇ ಬರೆಸಿದ್ದೇನೆ. ಆದರೂ ತರುತ್ತಾರೆ,
ಚಾರ್ಜಿಂಗ್ ತೂತಿನಲ್ಲಿ ಕುಚಲಕ್ಕಿಯ ಒಂದು ಕಾಳು ಸಮೇತ.

ಮೇಜಿನ ಮೇಲಿನ ಲ್ಯಾಪ್‌ಟಾಪು
ಮೀನುಗಾರರ ಸೊಸೈಟಿ ಗುಜರಿಗೆ ಹಾಕಿದ್ದು.
ವಿಂಡೋಸ್ ಹೊತ್ತು ಏಳಲು ಅದಕ್ಕೆ ನನ್ನ ಒಂದು ಚಾ ಬೇಕಿತ್ತು,
ಕೂತು ಸುಧಾರಿಸಿಕೊಳ್ಳಲು ಇನ್ನೊಂದು.
ಒಂದು ರಾತ್ರಿ ಎಲ್ಲ ಅಳಿಸಿ ಲಿನಕ್ಸ್ ಹಾಕಿದೆ.
ಥಟ್ಟನೆ ಎದ್ದಿತು, ಕಿವುಡಾಗಿ, ಮೂಕಾಗಿ.
ವೈಫೈಗೆ ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು,
ನೆಟ್ಟಿಗೆ ವೈಫೈ ಬೇಕು.
ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.
ಕೊನೆಗೆ, ಕಿಟಕಿಯ ಬಳಿ ಇಟ್ಟರೆ
ಗೋವಾಕ್ಕೆ ಸ್ವಾಗತ ಎನ್ನುವ ನನ್ನ ಒಡಕು ಫೋನೇ
ಒಂದು ಮೊಳ ಕೇಬಲ್ಲಿನಲ್ಲಿ ಅದಕ್ಕೆ ಉಸಿರು ಕಟ್ಟಿಕೊಟ್ಟಿತು.

ಅದರ ಕಪ್ಪು ಪರದೆಯಲ್ಲಿ ಕನ್ನಡ ಮುರಿಯುತ್ತದೆ.
ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ;
ಅಕ್ಕ ಎಂದು ಬರೆದರೆ ಅ, ಕ್, ಕ,
ದೋಣಿಯಿಂದ ಒಬ್ಬೊಬ್ಬರೇ ಇಳಿದಂತೆ.
ಸರಿಪಡಿಸಲು ಮೂರು ಭಾನುವಾರ ಕಳೆದೆ.
ಈಗ ಹಾಗೇ ಓದಿಕೊಳ್ಳುತ್ತೇನೆ.

ಬಲೆ ಮತ್ತೆ ನೀರಿಗಿಳಿದ ಆಗಸ್ಟಿನ ಮೊದಲ ವಾರ
ಶೇವಂತಿ ತಾಂಡೇಲ ಬಂದಳು.
ಬುಡ್ಲೊ, ಎಂದಳು. ಮುಳುಗಿದ.
ಕೊಂಕಣಿಯಲ್ಲಿ ಫೋನು ಗಂಡಸು.
ಬೈತಖೋಲದಲ್ಲಿ ಬುಟ್ಟಿ ಎತ್ತುವಾಗ ಸೊಂಟದಿಂದ ಜಾರಿದ್ದು.
ಅವನು ಹೋದರೆ ಹೋಗಲಿ, ಒಳಗಿನ ಕಾರ್ಡು ಬೇಕು.
ಪೇಟೆಯ ಅಂಗಡಿಯವರ ಕಂಪ್ಯೂಟರು ಕಾರ್ಡು ಕಂಡೊಡನೆ
ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತಂತೆ,
ಗಾಯ ತೋರಿಸಿದರೆ ಕೈ ಕಡಿಯಲೇ ಎಂಬ ಹಾಗೆ.

ಏನಿದೆ ಅದರಲ್ಲಿ?
ಉದ್ರಿ.
ಮೀನು ಮಾರುವ ಕೈ ಯಾವಾಗಲೂ ಒದ್ದೆ,
ಪುಸ್ತಕದ ಲೆಕ್ಕ ಮಳೆಗಾಲ ದಾಟುವುದಿಲ್ಲ.
ಅದಕ್ಕೆ ಸಾಲಗಾರರನ್ನು ನಿಲ್ಲಿಸಿ ಫೋಟೋ ಹೊಡೆಯುತ್ತಾಳೆ:
ಎಡಗೈಯಲ್ಲಿ ಮೀನು, ಬಲಗೈಯಲ್ಲಿ ಬೆರಳು.
ಬೆರಳಿಗೆ ನೂರು. ಅರ್ಧ ಮಡಿಸಿದರೆ ಐವತ್ತು.

ಮೊದಲು ಕಾರ್ಡಿನ ಪಡಿಯಚ್ಚು ತೆಗೆದೆ, ಸೊನ್ನೆ ಒಂದು ಬಿಡದೆ.
ಆಮೇಲೆ ಅಚ್ಚನ್ನು ಸೋಸಿದೆ.
ರಾತ್ರಿಯಿಡೀ ಫ್ಯಾನು ಕೆಮ್ಮಿತು.
ಒಂದೊಂದೇ ಚಿತ್ರ ತೇಲಿ ಬಂತು. ಹೆಸರು ಕಳೆದಿತ್ತು,
ತಾರೀಕು ಕಳೆದಿತ್ತು; ಎಂಟಂಕಿಯ ಒಂದು ಸಂಖ್ಯೆ, ಅದರಾಚೆ
ಮುಖ, ಮೀನು, ಬೆರಳು.

ಬ್ಯಾಂಕಿನ ಕ್ಯಾಷಿಯರು, ತಾರ್ಲೆ, ಒಂದೂವರೆ.
ಪಾಂಪ್ಲೆಟ್ಟಿನ ಹಿಂದೆ ಮುಖ ಮರೆಸಿದ ಪಿ.ಟಿ. ಮಾಸ್ತರು,
ಕುತ್ತಿಗೆಯ ಸೀಟಿ ಮಾತ್ರ ಕಾಣುತ್ತದೆ.
ಮೀನು ಮುಟ್ಟುವುದಿಲ್ಲ ಎಂದು ಊರಿಗೇ ಗೊತ್ತಿರುವ ಒಬ್ಬರು,
ಹೆಸರು ಹೇಳಲಾರೆ, ಸಿಗಡಿ, ಎರಡು.
ಅರ್ಧ ಮಾತ್ರ ಉಳಿದ ಒಂದು ಚಿತ್ರ: ಕೆಳಗೆಲ್ಲ ಬೂದು ಪಟ್ಟಿ,
ಮೇಲೆ ಯಾರದೋ ನಗು. ಬೆರಳಿಲ್ಲ. ಅವನ ಸಾಲ ತೀರಿತು.

ನಸುಕಿಗೆ ನಾನು ತೇಲಿ ಬಂದೆ.
ಅರ್ಧ ಇಸ್ವಾಣ ಹಿಡಿದು, ಹಲ್ಲು ಕಿರಿದು, ನಾಲ್ಕು ಬೆರಳು.
ತೊಟ್ಟ ಅಂಗಿ ನೋಡಿ ಗುರುತು ಹಿಡಿದೆ;
ಅದೀಗ ಅಂಗಡಿಯ ಗಾಜು ಒರೆಸುವ ಬಟ್ಟೆ.

ಎರಡಕ್ಷರದ ಆಜ್ಞೆ ಸಾಕು ಅಳಿಸಲು.
ಲಿನಕ್ಸ್ ಖಾತ್ರಿಯೇ ಎಂದೂ ಕೇಳುವುದಿಲ್ಲ,
ಯಜಮಾನ ನೀನೇ ಎಂದು ಸುಮ್ಮನೆ ನಂಬುತ್ತದೆ.
ಟೈಪಿಸಿದೆ. ಸಂಖ್ಯೆಯನ್ನೂ ಟೈಪಿಸಿದೆ.
ಎದುರಿನ ರಸ್ತೆಯಲ್ಲಿ ಕಾಳಿ ಸೇತುವೆ ಕಡೆಯ ಮೊದಲ ಬಸ್ಸು ಹೋಯಿತು.
ಅಕ್ಷರಗಳನ್ನು ಹಿಂದಕ್ಕೆ ಒಂದೊಂದೇ ಅಳಿಸಿದೆ.

ಬೆಳಿಗ್ಗೆ ಶೇವಂತಿ ಎಲ್ಲವನ್ನೂ ಸರಿಸಿ ಸರಿಸಿ ನೋಡಿದಳು.
ನನ್ನಲ್ಲಿ ನಿಂತಳು. ಮುಂದೆ ಹೋದಳು.
ರಿಪೇರಿಗೆ ಎಷ್ಟಾಯ್ತು?
ನಾಲ್ಕು ಬೆರಳು ಎತ್ತಿದೆ.
ಮಂಜುಗಡ್ಡೆ ಮುಟ್ಟಿ ತಣ್ಣಗಾದ ಕೈಯಿಂದ
ಕಿರುಬೆರಳನ್ನು ಹಿಡಿದು ಮಡಿಸಿದಳು.
ಮೂರು ಸಾಕು. ಒಂದು ನಿನ್ನ ಮೇಲೆ ಉಳೀತು.
ಮಗಳ ಫೋನು ತೆಗೆದು, ಹೊರಗೆ ಬೆಳಕಿಗೆ ಬಾ, ಎಂದಳು.
ಒಂದು ಬೆರಳೆತ್ತಿ ನಿಂತೆ.
ಎಡಗೈಯಲ್ಲಿ ಮೀನಿರಲಿಲ್ಲ,
ಅವಳ ಕಾರ್ಡು ಹಿಡಿದಿದ್ದೆ.